ದಯೆಯೂ ದಾಳವೂ

ಲೋಕವೊಂದನ್ನು ನಿರ್ಮಿಸಿ ಅದಕ್ಕೊಂದು ನಿಯಮವನ್ನು ವಿಧಿಸಿದವನು, ಆ ಲೋಕದೊಳಗಿನ ಜೀವವೊಂದು ಅದೇ ನಿಯಮದ ಚಕ್ರಕ್ಕೆ ಸಿಕ್ಕಿ ನಲುಗುತ್ತಿರುವುದನ್ನು ಕಂಡಾಗ, ಕನಿಕರದಿಂದ ಕೈಚಾಚಿ ಚಕ್ರವನ್ನು ನಿಲ್ಲಿಸಬಹುದೆ? ನಿಲ್ಲಿಸಬಲ್ಲವನಾಗಿಯೂ ನಿಲ್ಲಿಸದಿದ್ದರೆ ಅವನನ್ನು ದಯಾಮಯನೆಂದು ಕರೆಯುವುದೆಂತು? ನಿಲ್ಲಿಸಿದನಾದರೆ, ಅದಕ್ಕೆ ಮುನ್ನ ಅದೇ ಚಕ್ರಕ್ಕೆ ಸಿಕ್ಕಿ ಅಳಿದವರಿಗೆ ಅವನು ಹೇಳುವ ಸಮಾಧಾನವೇನು? ಈಶ್ವರನನ್ನು ನಂಬಿದ ನಾನಾ ಮತಗಳ ಚಿಂತಕರನ್ನು ಈ ಪ್ರಶ್ನೆಗಳು ಬಹುಕಾಲದಿಂದ ಕಾಡಿವೆ. ಆದರೆ ಮನುಷ್ಯನು ಇವನ್ನು ಕೇಳುವುದು ಬಹುಮಟ್ಟಿಗೆ ಒಂದೇ ನೆಲೆಯಿಂದ. ಫಲವನ್ನು ಉಣ್ಣುವವನ ನೆಲೆ ಅದು. ಫಲವನ್ನು ಕೊಡುವವನ ಪೀಠದಲ್ಲಿ ಕುಳಿತು, ಆ ಪೀಠದ ಕಷ್ಟವೇನೆಂಬುದನ್ನು ಸ್ವಾನುಭವದಿಂದ ತಿಳಿಯುವ ಅವಕಾಶ ಅವನಿಗೆ ಒದಗುವುದು ಅಪರೂಪ. ಅಂಥ ಅವಕಾಶವನ್ನು ಅತ್ಯಲ್ಪ ಪ್ರಮಾಣದಲ್ಲಿ, ಕೆಲವು ಗಂಟೆಗಳ ಮಟ್ಟಿಗೆ, ಒಂದು ಮೇಜಿನ ಸುತ್ತಳತೆಯೊಳಗೆ ಕಲ್ಪಿಸಿಕೊಡುವ ಆಟವೊಂದುಂಟು. ಆ ಆಟವನ್ನು ಆಡಿಸುವವರ ನಡುವೆ ದಶಕಗಳಿಂದ ನಡೆದುಬಂದಿರುವ ಒಂದು ವಿವಾದ, ಮೇಲೆ ಹೇಳಿದ ಮಹಾಪ್ರಶ್ನೆಯ ಮೇಲೆ ಬೆಳಕು ಬೀರುವಂಥದೆಂದು ನಾನು ನಂಬುತ್ತೇನೆ. ಆ ನಂಬಿಕೆಯ ಕಾರಣವನ್ನು ವಾಚಕರಿಗೆ ನಿವೇದಿಸುವುದೇ ಈ ಪ್ರಬಂಧದ ಉದ್ದೇಶ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ನೆರೆಯ ಮಿನೆಸೋಟದ ಡೇವ್ ಆರ್ನೆಸನ್ ಎಂಬಿಬ್ಬರು ಸೇರಿ ರಚಿಸಿದ ಈ ಆಟ 1974ರಲ್ಲಿ, ಪೆಟ್ಟಿಗೆಯೊಂದರಲ್ಲಿ ಅಡಕವಾದ ಮೂರು ಕಿರುಹೊತ್ತಗೆಗಳ ರೂಪದಲ್ಲಿ ಪ್ರಕಟವಾಯಿತು. ಮೊದಲು ಅಚ್ಚಾದದ್ದು 1,000 ಪ್ರತಿಗಳು ಮಾತ್ರ. ಇಂದು ಅದರ ಸಂತತಿ ಭೂಮಂಡಲದ ಎಲ್ಲೆಡೆಯೂ ಹಬ್ಬಿದೆ. ಆಡುವ ಕ್ರಮ ಹೀಗೆ: ಮೇಜಿನ ಸುತ್ತ ನಾಲ್ಕೈದು ಮಂದಿ ಕೂಡುತ್ತಾರೆ, ಅವರಲ್ಲಿ ಒಬ್ಬೊಬ್ಬರೂ ಯೋಧನೋ ಮಾಂತ್ರಿಕನೋ ದೇವತೋಪಾಸಕನೋ ಕನ್ನಗಳ್ಳನೋ ಆದ ಒಬ್ಬ ಕಲ್ಪಿತ ವ್ಯಕ್ತಿಯನ್ನು ತಮ್ಮದಾಗಿಸಿಕೊಂಡು, ಅವನ ಬಲಾಬಲಗಳನ್ನು ಒಂದು ಹಾಳೆಯ ಮೇಲೆ ಅಂಕಿಗಳಲ್ಲಿ ಬರೆದುಕೊಂಡು, ಅವನ ಪರವಾಗಿ ಮಾತನಾಡುತ್ತಾರೆ. ಒಬ್ಬನು ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ ಉಳಿದ ಸಮಸ್ತವನ್ನೂ ವಹಿಸುತ್ತಾನೆ. ಬೆಟ್ಟ, ಕಾಡು, ಮಳೆ, ಪಾಳುಬಿದ್ದ ದುರ್ಗ, ಅದರ ನೆಲಮಾಳಿಗೆಯ ನಿಧಿ, ನಿಧಿಯನ್ನು ಕಾದಿರುವ ಉರಿಯುಸಿರಿನ ಡ್ರ್ಯಾಗನ್, ಊರಿನ ಅರಸ, ಛತ್ರದ ಒಡತಿ, ಗುಡಿಯ ದೇವರು, ಎಲ್ಲವೂ ಅವನೇ. ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನಾವು ಆಡಿಸುವಾತನೆಂದು ಕರೆಯೋಣ. ಅವನು ಕಾಣುವುದನ್ನು ವರ್ಣಿಸಿ, ಈಗ ಏನು ಮಾಡುತ್ತೀರೆಂದು ಕೇಳುತ್ತಾನೆ, ಅವರು ಹೇಳುತ್ತಾರೆ, ಹೇಳಿದ್ದು ಕೈಗೂಡುವುದೋ ಇಲ್ಲವೋ ಎಂಬುದು ಸಂದಿಗ್ಧವಾದೆಡೆಯಲ್ಲಿ ದಾಳ ಉರುಳುತ್ತದೆ. ನಾಲ್ಕು ಮುಖದಿಂದ ಹಿಡಿದು ಇಪ್ಪತ್ತು ಮುಖದವರೆಗಿನ ಆ ದಾಳಗಳು ತೋರಿದ ಅಂಕಿಯನ್ನು ನಿಯಮಕ್ಕೆ ಹಿಡಿದು ನೋಡಿ ಫಲವನ್ನು ಸಾರಲಾಗುತ್ತದೆ. ಗೆದ್ದವರಾರು, ಸೋತವರಾರು ಎಂಬ ಲೆಕ್ಕ ಇಲ್ಲಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಅದೇ ಮಂದಿ ಅದೇ ಪಾತ್ರಗಳೊಡನೆ ಅದೇ ಲೋಕದಲ್ಲಿ ಸಂಚರಿಸುತ್ತಾರೆ. ಪಾತ್ರ ಸಾಯುವುದೂ ಉಂಟು.

ಈ ಆಟದ ವಂಶಾವಳಿಯನ್ನು ನೋಡಿದರೆ ನಮ್ಮ ಪ್ರಶ್ನೆ ಅದರ ರಕ್ತದಲ್ಲಿಯೇ ಹರಿದುಬಂದದ್ದೆಂದು ತಿಳಿಯುತ್ತದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ಸಹೋದ್ಯೋಗಿಗಳ ಶಿಕ್ಷಣಕ್ಕಾಗಿ ಒಂದು ಯುದ್ಧಕ್ರೀಡೆಯನ್ನು ಪ್ರಕಟಿಸಿದನು. ಎರಡು ಪಕ್ಷಗಳ ನಡುವೆ ಮಧ್ಯಸ್ಥನೊಬ್ಬನು ನಿಂತು, ಕೋಷ್ಟಕಗಳನ್ನೂ ದಾಳವನ್ನೂ ಅನುಸರಿಸಿ ಯಾರಿಗೆಷ್ಟು ನಷ್ಟವಾಯಿತೆಂದು ನಿರ್ಣಯಿಸುತ್ತಿದ್ದನು. ಅರ್ಧ ಶತಮಾನ ಕಳೆದ ಮೇಲೆ, 1876ರಲ್ಲಿ, ಅದೇ ಸೈನ್ಯದ ವೆರ್ಡಿ ಡು ವೆರ್ನ್ವಾ ಎಂಬವನು ಕೋಷ್ಟಕಗಳೂ ದಾಳವೂ ಆಟದ ಗತಿಗೆ ಭಾರವಾಗುತ್ತವೆಂದೂ, ಅನುಭವಸ್ಥನಾದ ಮಧ್ಯಸ್ಥನ ವಿವೇಕವೊಂದೇ ಸಾಕೆಂದೂ ಪ್ರತಿಪಾದಿಸಿದನು. ನಿಯಮ ಮೇಲೋ, ನಿಯಮವನ್ನು ನಡೆಸುವವನ ಹೃದಯ ಮೇಲೋ ಎಂಬ ಚರ್ಚೆ ಹೀಗೆ ಡ್ರ್ಯಾಗನ್ನುಗಳು ಹುಟ್ಟುವ ಮೊದಲೇ ಹುಟ್ಟಿತ್ತು. 1969ರಲ್ಲಿ ಮಿನೆಸೋಟದ ಡೇವ್ ವೆಸ್ಲಿ ಎಂಬವನು ನೆಪೋಲಿಯನ್ನನ ಕಾಲದ ಕಲ್ಪಿತ ಜರ್ಮನ್ ಪಟ್ಟಣವೊಂದನ್ನು ರಚಿಸಿ, ಆಟಗಾರರಿಗೆ ಸೇನೆಗಳ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನೂ ಅವನವನ ಉದ್ದೇಶವನ್ನೂ ಹಂಚಿದಾಗ, ಅವರು ಮೂಲೆಮೂಲೆಯಲ್ಲಿ ಗುಟ್ಟಾಗಿ ಸಂಚು ಹೂಡತೊಡಗಿದರೆಂದೂ, ಆಟ ಕೈಮೀರಿಹೋಯಿತೆಂದು ವೆಸ್ಲಿ ಖೇದಗೊಂಡರೆ ಆಟಗಾರರು ಅದನ್ನೇ ಮತ್ತೊಮ್ಮೆ ಆಡಿಸೆಂದು ಬೇಡಿದರೆಂದೂ ಈ ಆಟದ ಇತಿಹಾಸಕಾರರು ಹೇಳುತ್ತಾರೆ. ಆ ಆಟಗಾರರಲ್ಲೊಬ್ಬನಾದ ಆರ್ನೆಸನ್ ಮುಂದೆ ಬ್ಲಾಕ್‌ಮೂರ್ ಎಂಬ ತನ್ನದೇ ಲೋಕವನ್ನು ಕಟ್ಟಿದನು. ನಿರ್ಮಿಸಿದವನ ಹಂಚಿಕೆಯನ್ನು ಮೀರಿ ನಿರ್ಮಿತರು ನಡೆದ ಗಳಿಗೆಯಲ್ಲಿಯೇ ಈ ಆಟ ಜನ್ಮತಾಳಿತೆಂಬುದು ಮನನೀಯವಾದ ಸಂಗತಿ.

ಧರ್ಮದ ಹೆಸರಿನಲ್ಲಿ ಈ ಆಟದ ಮೇಲೆ ಬಂದ ಆಕ್ಷೇಪಣೆಯಾದರೋ ಬೇರೆಯ ಬಗೆಯದು. 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ಮಂಡಲಿಗಳು, ಪಿಶಾಚಗಳ ಹೆಸರನ್ನೂ ಮಂತ್ರಗಳ ಪಟ್ಟಿಯನ್ನೂ ಒಳಗೊಂಡ ಈ ಪುಸ್ತಕಗಳು ಎಳೆಯರನ್ನು ಸೈತಾನನ ಉಪಾಸನೆಗೆ ಸೆಳೆಯುತ್ತವೆಂದು ಸಾರಿದವು. ಜ್ಯಾಕ್ ಚಿಕ್ ಎಂಬ ಪ್ರಚಾರಕನು 1984ರಲ್ಲಿ ಇದನ್ನೇ ವಸ್ತುವಾಗಿಸಿ ಒಂದು ಚಿತ್ರಪುಸ್ತಿಕೆಯನ್ನು ಹೊರತಂದನು. ಈ ಕೋಲಾಹಲದ ಪರಿಣಾಮವಾಗಿ, 1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ಪಿಶಾಚವಾಚಕವಾದ ಹಳೆಯ ಹೆಸರುಗಳನ್ನು ತೆಗೆದುಹಾಕಿ, ಮುಂದೆ ಹೊಸ ಹೆಸರುಗಳನ್ನು ಹೊಸೆದರು. ಗೈಗ್ಯಾಕ್ಸನು ಸ್ವತಃ ಕ್ರೈಸ್ತಶ್ರದ್ಧೆಯುಳ್ಳವನಾಗಿದ್ದನು. ಈ ಆಟಕ್ಕೆ ಪ್ರಖ್ಯಾತ ಕಥಾನಕಗಳನ್ನು ರಚಿಸಿಕೊಟ್ಟ ಟ್ರೇಸಿ ಹಿಕ್ಮನ್ ನಿಷ್ಠಾವಂತ ಮಾರ್ಮನ್ ಪಂಥೀಯ. ಕಥೆಯಲ್ಲಿ ರಾಕ್ಷಸನನ್ನು ಹೆಸರಿಸಿದ ಮಾತ್ರಕ್ಕೆ ರಾಕ್ಷಸಪೂಜೆಯಾಗುವುದಾದರೆ, ರಾವಣನಿಲ್ಲದ ರಾಮಾಯಣವನ್ನು ನಾವು ಪಾರಾಯಣ ಮಾಡಬೇಕಾದೀತು. ಆಕ್ಷೇಪಿಸಿದವರ ಕಳವಳ ಪ್ರಾಮಾಣಿಕವಾಗಿದ್ದಿರಬಹುದು. ಆದರೆ ಅವರು ಹುಡುಕಿದ ಸ್ಥಳದಲ್ಲಿ ಧರ್ಮದ ಪ್ರಶ್ನೆ ಇರಲಿಲ್ಲ. ಅದು ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಆಡಿಸುವಾತನ ಮುಂದೆ ನಿಲ್ಲಿಸಿದ ರಟ್ಟಿನ ಪರದೆಯ ಹಿಂದೆ ಇತ್ತು.

ಆಡಿಸುವಾತನು ತನ್ನ ನಕ್ಷೆಗಳನ್ನೂ ಟಿಪ್ಪಣಿಗಳನ್ನೂ ಆಟಗಾರರಿಂದ ಮರೆಮಾಡಲು ಎದುರಿಗೆ ಒಂದು ಮಡಿಕೆಯ ಪರದೆಯನ್ನು ನಿಲ್ಲಿಸಿಕೊಳ್ಳುವ ವಾಡಿಕೆಯುಂಟು. ತನ್ನ ದಾಳಗಳನ್ನು ಅವನು ಹಲವು ವೇಳೆ ಆ ಪರದೆಯ ಹಿಂದೆಯೇ ಉರುಳಿಸುತ್ತಾನೆ. ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಎರಡು ವರ್ಷಗಳಿಂದ ಒಬ್ಬ ಯೋಧನ ಪಾತ್ರವನ್ನು ಆಡುತ್ತ ಬಂದಿದ್ದಾಳೆ. ಅವನಿಗೊಂದು ಬಾಲ್ಯವನ್ನೂ ಒಂದು ಪ್ರತಿಜ್ಞೆಯನ್ನೂ ಒಂದು ನಗೆಯನ್ನೂ ಕೊಟ್ಟಿದ್ದಾಳೆ. ಜೊತೆಗಾರರು ತಪ್ಪಿಸಿಕೊಳ್ಳಲೆಂದು ಆತ ಇಂದು ಸೇತುವೆಯ ಬಾಯಲ್ಲಿ ಒಬ್ಬನೇ ನಿಂತಿದ್ದಾನೆ. ಪರದೆಯ ಹಿಂದೆ ದಾಳ ಉರುಳಿತು, ಇಪ್ಪತ್ತು ಬಿದ್ದಿತು. ನಿಯಮದ ಪ್ರಕಾರ ಯೋಧನು ಸತ್ತನು. ಆ ಅಂಕಿಯನ್ನು ಕಂಡಿರುವವನು ಆಡಿಸುವಾತನೊಬ್ಬನೇ. ಅವನು ತಲೆಯೆತ್ತಿದರೆ ಎದುರಿಗೆ ಆಕೆಯ ಮುಖವಿದೆ. ಹನ್ನೆರಡು ಬಿದ್ದಿತೆಂದು ಹೇಳಿದರೆ ಯೋಧನು ಉಳಿಯುತ್ತಾನೆ, ಯಾರಿಗೂ ತಿಳಿಯುವುದಿಲ್ಲ. ಹೇಳಬೇಕೆ?

ಹೇಳಬಹುದೆಂಬ ಪಕ್ಷಕ್ಕೆ ಬಲವಾದ ಆಧಾರವುಂಟು. ಗೈಗ್ಯಾಕ್ಸನೇ 1979ರಲ್ಲಿ ಪ್ರಕಟಿಸಿದ ಆಡಿಸುವಾತರ ಕೈಪಿಡಿಯಲ್ಲಿ, ದಾಳವನ್ನು ತಳ್ಳಿಹಾಕುವ ಅಧಿಕಾರ ಆಡಿಸುವಾತನಿಗೆ ಸದಾ ಇದೆಯೆಂದು ಒಪ್ಪಿಕೊಂಡಿದ್ದಾನೆ. ವಿವೇಕದಿಂದ ಆಡಿದವನ ಪಾತ್ರ ಕೇವಲ ದುರದೃಷ್ಟದಿಂದ ಸಾವಿನ ಬಾಯಿಗೆ ಬಿದ್ದಾಗ, ಸಾವಿನ ಬದಲು ಮೂರ್ಛೆಯನ್ನೋ ಅಂಗಹಾನಿಯನ್ನೋ ವಿಧಿಸಬಹುದೆಂದೂ, ಅವಿವೇಕದಿಂದ ಸಾವನ್ನು ಮೈಮೇಲೆ ಎಳೆದುಕೊಂಡವನಿಗೆ ಈ ರಿಯಾಯಿತಿ ಸಲ್ಲದೆಂದೂ ಆತನ ಅಭಿಪ್ರಾಯ. ಆದರೆ ಅದೇ ಉಸಿರಿನಲ್ಲಿ ಆತ ಒಂದು ಮೇರೆಯನ್ನೂ ಎಳೆದಿದ್ದಾನೆ: ಸತ್ತ ಪಾತ್ರವನ್ನು ಮಂತ್ರಬಲದಿಂದ ಮರಳಿ ಎಬ್ಬಿಸುವಾಗ ಉರುಳಿಸುವ ದಾಳವೊಂದನ್ನು ಮಾತ್ರ ಆಡಿಸುವಾತನು ಎಂದಿಗೂ ತಿದ್ದತಕ್ಕದ್ದಲ್ಲ, ಎಲ್ಲಿಯೋ ಒಂದೆಡೆ ಕೊನೆಯ ಸಾವು ಇರಲೇಬೇಕು, ಇಲ್ಲವಾದರೆ ಆಟವೇ ನಿಸ್ಸಾರವಾಗುತ್ತದೆ. ದಯೆಗೆ ಬಾಗಿಲನ್ನು ತೆರೆದವನೇ ಆ ಬಾಗಿಲಿಗೆ ಅಗುಳಿಯನ್ನೂ ಇಟ್ಟನು.

ದಯಾಪಕ್ಷದವರು ಇನ್ನೂ ಮುಂದುವರಿದು ವಾದಿಸುತ್ತಾರೆ. ಕೂಡಿರುವುದು ಆನಂದಕ್ಕಾಗಿ, ಪ್ಲಾಸ್ಟಿಕ್ಕಿನ ತುಂಡೊಂದು ಮಗ್ಗುಲಾದ ಮಾತ್ರಕ್ಕೆ ಎರಡು ವರ್ಷಗಳ ಪ್ರೀತಿಯನ್ನು ಬಲಿಕೊಡುವುದು ಮೂಢತನ, ದಾಳಕ್ಕೆ ಕಣ್ಣಿಲ್ಲ, ಅದಕ್ಕೆ ಸೇತುವೆಯ ಬಾಯಲ್ಲಿ ನಿಂತವನ ತ್ಯಾಗ ಕಾಣದು, ಕಣ್ಣುಳ್ಳವನು ಕುರುಡನ ತೀರ್ಪನ್ನು ತಿದ್ದುವುದು ಧರ್ಮವೇ ಹೊರತು ಅಧರ್ಮವಲ್ಲ. ಈ ಮಾತನ್ನು ನಾನು ಲಘುವಾಗಿ ಕಾಣಲಾರೆ. ಕಲ್ಪಿತ ವ್ಯಕ್ತಿಯೊಬ್ಬನ ಸಾವಿಗೆ ಮೇಜಿನ ಸುತ್ತ ಬೀಳುವ ಮೌನ ಕಲ್ಪಿತವಾದುದಲ್ಲ. ಕಾವ್ಯವನ್ನು ಓದಿ ಅತ್ತವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆದರೂ ಆ ಗುಪ್ತದಯೆ ಏನನ್ನು ಕಿತ್ತುಕೊಳ್ಳುತ್ತದೆಂಬುದನ್ನು ನಿಧಾನವಾಗಿ ಆಲೋಚಿಸಬೇಕು. ಯೋಧನು ಸೇತುವೆಯ ಬಾಯಲ್ಲಿ ನಿಂತದ್ದು ಸಾಯಬಹುದೆಂದು ತಿಳಿದೇ. ಸಾವು ಸಾಧ್ಯವಾಗಿದ್ದುದರಿಂದಲೇ ಅವನ ನಿಲುವಿಗೆ ತ್ಯಾಗವೆಂಬ ಹೆಸರು ಸಂದಿತು. ಆಡಿಸುವಾತನು ಸಾವನ್ನು ಗುಟ್ಟಾಗಿ ಅಳಿಸಿದ ಕ್ಷಣದಲ್ಲಿ ಉಳಿದದ್ದು ದೇಹ, ಹೋದದ್ದು ತ್ಯಾಗ. ಆಕೆ ತಾನು ಆರಿಸಿಕೊಂಡೆನೆಂದು ತಿಳಿದಿದ್ದಾಳೆ. ನಿಜವಾಗಿ ಆಕೆಗಾಗಿ ಬೇರೊಬ್ಬನು ಆರಿಸಿದ್ದಾನೆ. ಅಷ್ಟಕ್ಕೇ ನಿಲ್ಲದೆ ಈ ಹಾನಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಒಮ್ಮೆ ತಿದ್ದಿದ ಕೈ ಹಿಂದೆಂದೂ ತಿದ್ದಿರಲಿಲ್ಲವೆಂದು ಯಾರು ಪ್ರಮಾಣ ಮಾಡಬಲ್ಲರು? ಕಳೆದ ವರ್ಷದ ಗೆಲುವುಗಳೆಲ್ಲ ಗೆಲುವುಗಳೋ, ಕೊಡುಗೆಗಳೋ? ಮುಂದೆ ಅದೇ ಮೇಜಿನಲ್ಲಿ ಇನ್ನೊಬ್ಬನ ಪಾತ್ರ ಸತ್ತಾಗ, ಆ ಸಾವು ದಾಳದ ತೀರ್ಪಾಗಿರದೆ ಆಡಿಸುವಾತನ ಸಮ್ಮತಿಯಾಗುತ್ತದೆ. ಒಬ್ಬಳನ್ನು ಉಳಿಸಿದವನು, ತನಗೆ ಅರಿವಿಲ್ಲದೆಯೇ, ಉಳಿಯದ ಪ್ರತಿಯೊಬ್ಬನನ್ನೂ ಕೊಂದವನಾಗುತ್ತಾನೆ. ಕೌರವಸಭೆಯ ಕಪಟದ್ಯೂತವನ್ನು ನಾವು ನಿಂದಿಸುವುದು ಶಕುನಿಯ ಮನಸ್ಸಿನಲ್ಲಿ ಹಗೆಯಿದ್ದುದರಿಂದ ಮಾತ್ರವೆ? ಎದುರಿಗೆ ಕುಳಿತವನಿಗೆ ಆಡುತ್ತಿರುವೆನೆಂಬ ಭ್ರಾಂತಿಯನ್ನಿತ್ತು, ಆಡುವ ಸ್ವಾತಂತ್ರ್ಯವನ್ನು ಅವನಿಂದ ಅಪಹರಿಸಿದುದು ಅಲ್ಲಿಯ ಮೂಲ ಅಪರಾಧ. ಹಗೆಯ ಸ್ಥಾನದಲ್ಲಿ ಪ್ರೀತಿಯನ್ನಿಟ್ಟರೆ ಅಪರಾಧದ ಕ್ರೌರ್ಯ ಅಳಿಯುತ್ತದೆ, ಅಪಹರಣ ಅಳಿಯುವುದಿಲ್ಲ.

ಇಲ್ಲಿ ನಮ್ಮ ವೇದಾಂತಿಗಳ ವಿಚಾರ ಸಹಾಯಕ್ಕೆ ಬರುತ್ತದೆ. ಬಾದರಾಯಣನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ, ಆಪ್ತಕಾಮನಾದ ಬ್ರಹ್ಮನಿಗೆ ಸೃಷ್ಟಿಯಿಂದ ಪ್ರಯೋಜನವೇನೆಂಬ ಆಕ್ಷೇಪಕ್ಕೆ ಸೃಷ್ಟಿ ಕೇವಲ ಲೀಲೆಯೆಂಬ ಸಮಾಧಾನವನ್ನು ಕೊಟ್ಟು, ಅದರ ಮರುಸೂತ್ರದಲ್ಲಿಯೇ ವೈಷಮ್ಯ ನೈರ್ಘೃಣ್ಯಗಳ ಆಕ್ಷೇಪವನ್ನು ಕೈಗೆತ್ತಿಕೊಳ್ಳುತ್ತಾನೆ. ಆಟವೆಂದು ಹೇಳಿದ ಕೂಡಲೇ, ಆಟವಾಡಿಸುವವನು ಪಕ್ಷಪಾತಿಯಲ್ಲವೆ, ನಿಷ್ಕರುಣಿಯಲ್ಲವೆ ಎಂಬ ಪ್ರಶ್ನೆಗೆ ಉತ್ತರಿಸದೆ ಮುಂದಡಿಯಿಡುವಂತಿಲ್ಲವೆಂಬುದನ್ನು ಆ ಸೂತ್ರಕಾರನು ಕಂಡಿದ್ದನು. ಈಶ್ವರನು ಸ್ವೇಚ್ಛೆಯಿಂದ ಫಲವನ್ನು ಹಂಚುವುದಿಲ್ಲ, ಜೀವರ ಧರ್ಮಾಧರ್ಮಗಳನ್ನು ಅಪೇಕ್ಷಿಸಿ ಹಂಚುತ್ತಾನೆ ಎಂಬುದು ಆತನ ಉತ್ತರ. ಶಂಕರರು ಅದನ್ನು ವಿವರಿಸುತ್ತ ಮಳೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ: ಮಳೆ ಎಲ್ಲ ಪೈರಿಗೂ ಸಮಾನವಾದ ಕಾರಣ, ಬೆಳೆಯ ಭೇದ ಬೀಜದ ಭೇದದಿಂದ. ಜೀವನ ಕರ್ತೃತ್ವವನ್ನು ಕುರಿತ ಬೇರೊಂದು ಪ್ರಕರಣದಲ್ಲಿ ರಾಮಾನುಜರು ಇನ್ನೊಂದು ಸೂಕ್ಷ್ಮವನ್ನು ತೋರಿದರು: ಜೀವನು ಮೊದಲು ಪ್ರಯತ್ನಿಸುತ್ತಾನೆ, ಅಂತರ್ಯಾಮಿಯು ಆ ಪ್ರಯತ್ನವನ್ನು ನೋಡಿ, ಅನುಮತಿಯನ್ನಿತ್ತು, ಅದನ್ನು ಮುಂದಕ್ಕೆ ನಡೆಸುತ್ತಾನೆ. ಏನು ಮಾಡುತ್ತೀರೆಂದು ಕೇಳಿ, ಹೇಳಿದ್ದನ್ನು ಆಲಿಸಿ, ಅದಕ್ಕೆ ತಕ್ಕಂತೆ ತನ್ನ ಲೋಕವನ್ನು ಚಲಿಸಗೊಡುವ ಆಡಿಸುವಾತನ ಕ್ರಮಕ್ಕೆ ಇದಕ್ಕಿಂತ ನಿಕಟವಾದ ವರ್ಣನೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕೇಳದೆ ನಡೆಸುವುದನ್ನು, ಅಂದರೆ ಆಟಗಾರರು ಏನನ್ನು ಆರಿಸಿದರೂ ತಾನು ಮೊದಲೇ ನಿಶ್ಚಯಿಸಿದ ಹಾದಿಗೇ ಅವರನ್ನು ತಳ್ಳಿಕೊಂಡು ಹೋಗುವುದನ್ನು, ಈ ಆಟದ ವಲಯದವರು ರೇಲ್‌ರೋಡಿಂಗ್ ಎಂದು ಕರೆದು ಆಡಿಸುವಾತನ ದೊಡ್ಡ ದೋಷಗಳಲ್ಲೊಂದಾಗಿ ಎಣಿಸಿದ್ದಾರೆ. 1980ರಲ್ಲಿ ಈ ಆಟಕ್ಕಾಗಿ ಪ್ರಕಟವಾದ ದೇವತಾಕೋಶದಲ್ಲಿ ಗ್ರೀಕ್ ಮತ್ತು ನಾರ್ಸ್ ದೇವತೆಗಳ ಜೊತೆಗೆ ನಮ್ಮ ಇಂದ್ರ ಅಗ್ನಿಯರಿಗೂ ಬಲಾಬಲದ ಅಂಕಿಗಳನ್ನು ಗೊತ್ತುಮಾಡಿದ್ದರು. ಭಕ್ತನ ಕಿವಿಗೆ ಇದು ಕರ್ಕಶವಾಗಿ ಕೇಳಬಹುದು. ಆದರೆ ದೇವತೆಗಳೂ ಒಂದು ಋತಕ್ಕೆ ಒಳಪಟ್ಟವರೆಂಬ ವೈದಿಕ ಭಾವನೆಗೆ ಅದು ಅಷ್ಟೇನೂ ದೂರವಲ್ಲ.

ಹಾಗಾದರೆ ದಯೆಗೆ ಸ್ಥಳವೇ ಇಲ್ಲವೆ? ಇದೆಯೆಂಬುದನ್ನು ಆ ಆಟದ ನಿಯಮಗಳೇ ತೋರಿಸಿಕೊಡುತ್ತವೆ. ಮೊದಲ ಆವೃತ್ತಿಯಿಂದಲೂ ಅದರಲ್ಲಿ ಸೇವಿಂಗ್ ಥ್ರೋ ಎಂಬ ಒಂದು ವಿಧಿಯುಂಟು. ವಿಷ ಮೈಗೇರಿದಾಗ, ಡ್ರ್ಯಾಗನ್ನಿನ ಉರಿ ಆವರಿಸಿದಾಗ, ಮಾಂತ್ರಿಕನ ಶಾಪ ತಟ್ಟಿದಾಗ, ಎಲ್ಲವೂ ಮುಗಿಯಿತೆಂಬ ಗಳಿಗೆಯಲ್ಲಿ, ಪಾತ್ರಕ್ಕೆ ಇನ್ನೊಂದು ದಾಳ ದೊರೆಯುತ್ತದೆ. ಬಂಡೆಗೆ ಸರಪಣಿಯಿಂದ ಬಿಗಿದು ಡ್ರ್ಯಾಗನ್ನಿಗೆ ಒಡ್ಡಿದವನಿಗೂ ಈ ಅವಕಾಶ ತಪ್ಪದೆಂದು ಗೈಗ್ಯಾಕ್ಸನು ತನ್ನ ಕೈಪಿಡಿಯಲ್ಲಿ ಸಮರ್ಥಿಸಿದ್ದಾನೆ. ಆ ಬಂಡೆಯಲ್ಲಿ ಮೈ ಅಡಗಿಸುವಷ್ಟು ಬಿರುಕು ಇದ್ದಿರಬಹುದು, ಸರಪಣಿಯ ಕೊಂಡಿಯೊಂದು ಸವೆದಿದ್ದಿರಬಹುದು, ದೈವವೇ ಕಣ್ಣೆತ್ತಿ ನೋಡಿರಬಹುದು. ಈ ದಯೆಯ ಲಕ್ಷಣವನ್ನು ಗಮನಿಸಿ. ಇದು ಎಲ್ಲರಿಗೂ ಉಂಟು. ಎಲ್ಲರಿಗೂ ಮೊದಲೇ ತಿಳಿದಿದೆ. ಆಡಿಸುವಾತನಿಗೆ ಪ್ರಿಯರಾದವರಿಗೂ ಅಪ್ರಿಯರಾದವರಿಗೂ ಒಂದೇ ಅಳತೆಯಲ್ಲಿ ಸಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ದಾಳವನ್ನು ಉರುಳಿಸುವುದು ಸಾಮಾನ್ಯವಾಗಿ ಸಂಕಟಕ್ಕೆ ಸಿಕ್ಕಿದವನ ಪರವಾಗಿ ಆಡುತ್ತಿರುವವನ ಸ್ವಂತ ಕೈ. ನಿಯಮವನ್ನು ಮುರಿದು ಒಳನುಗ್ಗುವ ದಯೆಗೂ ನಿಯಮದೊಳಗೇ ಮನೆಮಾಡಿಕೊಂಡಿರುವ ದಯೆಗೂ ಇರುವ ಅಂತರ ಇದು. ಮೊದಲನೆಯದು ಉಪಕಾರ, ಎರಡನೆಯದು ಧರ್ಮ.

ಇದೇ ಎಳೆಯನ್ನು ಹಿಡಿದು ಹೋದರೆ ದಯೆಗೆ ತಕ್ಕ ಕಾಲವಾವುದೆಂಬುದೂ ಸ್ಪಷ್ಟವಾಗುತ್ತದೆ. ಒಳ್ಳೆಯ ಆಡಿಸುವಾತನ ದಯೆ ದಾಳ ಉರುಳುವ ಮೊದಲೇ ಕೆಲಸಮಾಡುತ್ತದೆ. ಗುಹೆಯಲ್ಲಿ ಮೃತ್ಯುವಿದ್ದರೆ ಗುಹೆಯ ಬಾಯಲ್ಲಿ ಮೂಳೆಗಳಿರುತ್ತವೆ; ಊರಿನ ಮುದುಕನೊಬ್ಬನು ಎಚ್ಚರಿಕೆಯ ಮಾತನ್ನು ಆಡಿರುತ್ತಾನೆ; ಹಿಂದಿರುಗುವ ದಾರಿಯನ್ನು ಮುಚ್ಚಿರುವುದಿಲ್ಲ; ಅಪಾಯದ ಪ್ರಮಾಣವನ್ನು ಅರಿಯಬಯಸಿದವನಿಗೆ ಅರಿಯುವ ಸಾಧನವಿರುತ್ತದೆ. ಕುರುಹನ್ನೇ ಕೊಡದೆ ಕೊಲ್ಲುವ ದುರ್ಗಗಳನ್ನೂ ಕೆಲವರು ರಚಿಸಿದ್ದುಂಟು. ಅಲ್ಲಿ ದಾಳ ಎಷ್ಟೇ ಪ್ರಾಮಾಣಿಕವಾಗಿ ಉರುಳಿದರೂ ನ್ಯಾಯ ನಡೆಯಿತೆನ್ನಲಾಗದು. ಸಾವೇ ಬೇಡವೆನಿಸಿದ ಮೇಜಿನಲ್ಲಿ ಎಲ್ಲರೂ ಮೊದಲೇ ಕೂಡಿ ಮಾತನಾಡಿ, ನಮ್ಮ ಆಟದಲ್ಲಿ ಪಾತ್ರಗಳು ದಾಳದಿಂದ ಸಾಯವೆಂದು ಗೊತ್ತುಮಾಡಿಕೊಳ್ಳುವುದೂ ಇಂಥ ಪೂರ್ವದಯೆಯೇ. ಬಹಿರಂಗವಾಗಿ ಒಪ್ಪಿಕೊಂಡ ಮೇಲೆ ಅದು ಆ ಲೋಕದ ನಿಯಮವಾಯಿತು, ಅದರಲ್ಲಿ ವಂಚನೆಯಿಲ್ಲ. 2010ರಲ್ಲಿ ಬಂದ ಅಪೊಕಲಿಪ್ಸ್ ವರ್ಲ್ಡ್ ಎಂಬ ಇನ್ನೊಂದು ಆಟದಲ್ಲಿ ಆಡಿಸುವವನು ದಾಳವನ್ನು ಮುಟ್ಟುವುದೇ ಇಲ್ಲ. ದಾಳಗಳೆಲ್ಲ ಆಟಗಾರರ ಕೈಯಲ್ಲಿಯೇ. ಅಧಿಕಾರವುಳ್ಳವನು ಪ್ರಲೋಭನೆಯಿಂದ ತನ್ನನ್ನು ತಾನೇ ಪಾರುಮಾಡಿಕೊಂಡ ಬಗೆ ಅದು.

ದಾಳ ಉರುಳಿದ ಬಳಿಕವೂ ದಯೆಗೆ ಕೆಲಸವುಂಟು. ಯೋಧನು ಸತ್ತನೆಂದು ಸಾರಿ ಮುಂದಿನ ಪುಟಕ್ಕೆ ಹೊರಳುವ ಆಡಿಸುವಾತನು ನಿಯಮವನ್ನು ಪಾಲಿಸಿದನೇ ಹೊರತು ತನ್ನ ಕರ್ತವ್ಯವನ್ನು ಪೂರೈಸಿದವನಲ್ಲ. ಆ ಸಾವಿಗೆ ತಕ್ಕ ಅವಧಾನವನ್ನು ಅವನು ಕೊಡಬೇಕು: ಸೇತುವೆ ಉಳಿಯಿತೆಂಬುದನ್ನು ಹೇಳಬೇಕು, ಪಾರಾದವರು ಊರನ್ನು ಸೇರಿದರೆಂಬುದನ್ನು ತೋರಿಸಬೇಕು, ಸತ್ತವನ ಹೆಸರನ್ನು ಆ ಊರಿನ ಮಕ್ಕಳು ಕೇಳಿ ಬೆಳೆಯುವಂತೆ ಮಾಡಬೇಕು, ಪಾತ್ರವನ್ನು ಕಳೆದುಕೊಂಡಾಕೆಯ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು. ಸಾವನ್ನು ತಪ್ಪಿಸುವುದಕ್ಕಿಂತ ಸಾವನ್ನು ವ್ಯರ್ಥವಾಗಗೊಡದಿರುವುದು ಕಷ್ಟತರವಾದ ದಯೆ. ಅದಕ್ಕೆ ಕಲ್ಪನೆಯೂ ಬೇಕು, ಸಹನೆಯೂ ಬೇಕು. ಫಲಕ್ಕೆ ಮುನ್ನ ಎಚ್ಚರಿಕೆ, ಫಲದ ಗಳಿಗೆಯಲ್ಲಿ ಸತ್ಯ, ಫಲದ ಅನಂತರ ಸಾಂಗತ್ಯ: ಈ ಕ್ರಮ ತಪ್ಪಿ, ಮೊದಲೂ ಕೊನೆಯೂ ಮಾಡಬೇಕಾದುದನ್ನು ಮಾಡದೆ, ನಡುವಿನ ಸತ್ಯದ ಗಳಿಗೆಯಲ್ಲಿ ಕೈಯಾಡಿಸಿ ದಯಾವಂತನೆನಿಸಿಕೊಳ್ಳುವುದು ಸುಲಭದ ದಾರಿ.

ಪೂರ್ವನಿಶ್ಚಿತವಾದ ಅಂತ್ಯಕ್ಕೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ಬಲ್ಲವರು ಹಾಗೆ ಹೇಳಲಾರರು. ಅಲ್ಲಿಯೂ ವೇಷಭೂಷಣಗಳಿಲ್ಲದೆ ಕುಳಿತ ಅರ್ಥಧಾರಿಗಳು, ಭಾಗವತನ ಪದ್ಯವನ್ನು ಆಧರಿಸಿ, ಬರೆದಿಟ್ಟ ಮಾತಿನ ನೆರವಿಲ್ಲದೆ, ಕರ್ಣನಾಗಿ, ಕೃಷ್ಣನಾಗಿ, ವಾಲಿಯಾಗಿ ಸ್ಥಳದಲ್ಲಿಯೇ ವಾದವನ್ನು ಕಟ್ಟುತ್ತಾರೆ. ಇಂದಿನ ವಾಲಿ ನಿನ್ನೆಯ ವಾಲಿ ಕೇಳದಿದ್ದ ಪ್ರಶ್ನೆಯನ್ನು ರಾಮನಿಗೆ ಕೇಳಿಯಾನು. ಆದರೂ ವಾಲಿ ಉಳಿಯುವುದಿಲ್ಲ; ಪ್ರಸಂಗದ ಅಂತ್ಯ ಎಲ್ಲರಿಗೂ ತಿಳಿದದ್ದೇ. ತಿಳಿದ ಅಂತ್ಯದ ಕಡೆಗೆ ಸ್ವತಂತ್ರವಾದ ಮಾತಿನಿಂದ ನಡೆಯುವುದರಲ್ಲಿ ಅಲ್ಲಿಯ ರಸವಿದೆ. ತಿಳಿಯದ ಅಂತ್ಯದ ಕಡೆಗೆ ಸ್ವತಂತ್ರವಾದ ಕ್ರಿಯೆಯಿಂದ ನಡೆಯುವುದರಲ್ಲಿ ಇಲ್ಲಿಯ ರಸವಿದೆ. ಎರಡೂ ಸಾಧುವೇ, ಏಕೆಂದರೆ ಎರಡರಲ್ಲಿಯೂ ಕುಳಿತವರಿಗೆ ತಾವು ಯಾವ ಬಗೆಯ ಲೋಕದಲ್ಲಿದ್ದೇವೆಂಬುದು ತಿಳಿದಿದೆ. ಅಸಾಧುವಾದುದು ಒಂದೇ: ಅಂತ್ಯವನ್ನು ತಾನು ನಿಶ್ಚಯಿಸಿಟ್ಟು, ನಿಶ್ಚಯಿಸಿಲ್ಲವೆಂಬಂತೆ ದಾಳವನ್ನು ಉರುಳಿಸಿ ತೋರಿಸುವುದು.

ಈ ವಿಚಾರದ ಮೇರೆಯನ್ನೂ ಹೇಳದಿದ್ದರೆ ಸತ್ಯಕ್ಕೆ ಲೋಪವಾದೀತು. ಮೇಜಿನ ಸುತ್ತ ಕುಳಿತವರು ಆಡಲು ಒಪ್ಪಿ ಬಂದವರು. ಹುಟ್ಟಲು ಒಪ್ಪಿ ಬಂದವರು ಯಾರಿದ್ದಾರೆ? ಅಲ್ಲಿ ಸಾಯುವುದು ಹಾಳೆಯ ಮೇಲಿನ ಹೆಸರು. ಇಲ್ಲಿ ನೋಯುವುದು ಉಸಿರಾಡುವ ದೇಹ. ಹಾಗಾದರೆ ಮೊದಲ ಕರ್ಮವೆಲ್ಲಿಂದ ಬಂತೆಂಬ ಮುಂದಿನ ಆಕ್ಷೇಪಕ್ಕೆ, ಕರ್ಮಪ್ರವಾಹ ಅನಾದಿಯೆಂದು ಸೂತ್ರಕಾರನು ಉತ್ತರವನ್ನಿತ್ತಿದ್ದಾನೆ. ಆದರೆ ಜ್ವರದಿಂದ ನರಳುವ ಶಿಶುವಿನ ತೊಟ್ಟಿಲ ಬಳಿ ನಿಂತ ತಾಯಿಗೆ ಅದು ಸಾಂತ್ವನವಾಗುವುದೆಂದು ನಾನು ಭಾವಿಸುವುದಿಲ್ಲ, ಅಲ್ಲಿ ಯಾವ ಆಟದ ಹೋಲಿಕೆಯನ್ನು ಹಿಡಿದೂ ಬಾಯಿ ತೆರೆಯಬಾರದು. ಈಶ್ವರನ ಸಮರ್ಥನೆಗೆ ಈ ಆಟ ಪ್ರಮಾಣವಲ್ಲ. ಅದು ತಿಳಿಸುವುದು ಇಷ್ಟೇ: ಇತರರಿಗೆ ಸ್ವಾತಂತ್ರ್ಯವನ್ನು ಕೊಡುವುದೆಂದರೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದೆಂದೂ, ಕಟ್ಟಿದ ಕೈಯ ನೋವು ಕೊಟ್ಟವನಿಗೂ ತಪ್ಪುವುದಿಲ್ಲವೆಂದೂ, ಆ ನೋವನ್ನು ಉದಾಸೀನತೆಯೆಂದು ಬಗೆಯುವುದು ಉಣ್ಣುವವನ ನೆಲೆಯಿಂದ ಮಾತ್ರ ನೋಡಿದವನ ಅವಸರವೆಂದೂ ತಿಳಿಸುತ್ತದೆ. ಇಪ್ಪತ್ತನ್ನು ಇಪ್ಪತ್ತೆಂದೇ ಹೇಳಿದ ಆಡಿಸುವಾತನ ಧ್ವನಿ ಎಷ್ಟೋ ಸಲ ನಡುಗಿರುತ್ತದೆ.

ಹೀಗೆ ತಿಳಿದ ಮೇಲೆ ಪ್ರಾರ್ಥನೆಯ ಸ್ವರೂಪವೂ ಬದಲಾಗಬೇಕೆಂದು ನನಗೆ ತೋರುತ್ತದೆ. ಬಿದ್ದ ದಾಳವನ್ನು ನನ್ನೊಬ್ಬನಿಗಾಗಿ ತಿರುವಿಹಾಕೆಂದು ಬೇಡುವವನು, ತನ್ನ ಪಕ್ಕದಲ್ಲಿ ಕುಳಿತವರೆಲ್ಲರ ದಾಳವನ್ನೂ ಸುಳ್ಳಾಗಿಸೆಂದು ಬೇಡುತ್ತಿದ್ದಾನೆ. ಅಂಥ ವರವನ್ನು ಕೊಡುವ ದೇವರು ನಂಬತಕ್ಕ ದೇವರಾಗಿ ಉಳಿಯಲಾರನು. ಗುಹೆಯ ಬಾಯಲ್ಲಿಯ ಕುರುಹುಗಳನ್ನು ಕಾಣುವ ಕಣ್ಣನ್ನು ಬೇಡಬಹುದು; ಉರುಳಿಸಬೇಕಾದಾಗ ನಡುಗದ ಕೈಯನ್ನು ಬೇಡಬಹುದು; ಬಿದ್ದದ್ದು ಬಿದ್ದ ಮೇಲೆ ಒಂಟಿಯಾಗಿ ಉಳಿಯದಂತೆ ಸಾಂಗತ್ಯವನ್ನು ಬೇಡಬಹುದು. ಈ ಮೂರನ್ನು ಬೇಡುವುದಕ್ಕೆ ಯಾವ ನಿಯಮವನ್ನೂ ಮುರಿಯಬೇಕಾಗಿಲ್ಲ. ಇವನ್ನು ಬೇಡುವ ಹಕ್ಕು ನಮಗಿರುವಂತೆಯೇ, ನಮ್ಮ ಅಧೀನದಲ್ಲಿ ಯಾರಾದರೂ ಇದ್ದರೆ, ಅವರಿಗೆ ಇವನ್ನು ಕೇಳುವ ಮೊದಲೇ ಕೊಡುವ ಹೊಣೆಯೂ ನಮ್ಮ ಮೇಲಿದೆ.